ಬಿಲ್ಲಿಗೊಂದು ವಿಶಲ್, ಬಸ್ಸಿಗೆರಡು

ಕೆಲವರಿಗೆ ಹೋದಲ್ಲೆಲ್ಲ ಹಾರ ಬೀಳುತ್ತದೆ. ನನಗೆ ಹೋದಲ್ಲೆಲ್ಲ ಇಂಥ ಪ್ರಸಂಗಗಳೇ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ, ಕಬಡ್ಡಿ ಆಡಿಸಿಕೊಂಡು ನನ್ನ ಪಾಡಿಗೆ ನಾನಿದ್ದೆ. ಬಿಲ್ಲುಗಾರಿಕೆಗೆ ತಗುಲಿಕೊಂಡ ಮೇಲೆ ಇವು ವಾರಕ್ಕೊಂದರಂತೆ ಆಗುತ್ತಿವೆ. ಬಾಣ ಬಿಡುವವರು ಬೇರೆಯವರು, ಬಂದು ನಾಟುವುದು ಮಾತ್ರ ನನಗೆ. ಈವರೆಗೆ ಮಾನಕ್ಕೆ ನಾಟಿದೆಯೇ ಹೊರತು ಮೈಗೆ ನಾಟಿಲ್ಲ ಎನ್ನುವುದೊಂದೇ ಸಮಾಧಾನ.

1. ತಡವಾಗಿ ಹೋದ ತಪ್ಪಿಗೆ

ಹಾಸನದಲ್ಲಿ ಬಿಲ್ಲು ಸಂಘ ಶುರುಮಾಡುವ ಸಭೆ ಬೆಳಿಗ್ಗೆ ಹತ್ತಕ್ಕಿತ್ತು. "ಯಾವುದೋ ಸ್ಪೋರ್ಟ್ಸ್ ಮೀಟಿಂಗಂತೆ, ಹೋಗಿಬನ್ನಿ" ಎಂದು ನಮ್ಮ ಹೆಡ್ ಮಾಸ್ಟರು ಕಳಿಸಿದ್ದರು. ಬಸ್ಸು ತಪ್ಪಿಸಿಕೊಂಡ ನಾನು ತಲುಪಿದ್ದು ಹನ್ನೊಂದೂವರೆಗೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೋ ಏನೋ ಒಳ್ಳೆಯದಾಗಿರಬೇಕು ಎಂದುಕೊಂಡು ನಾನೂ ತಟ್ಟಿದೆ. ಕಾರ್ಯದರ್ಶಿಯಾಗಿ ನನ್ನ ಅವಿರೋಧ ಆಯ್ಕೆಗೆ ತಟ್ಟಿದ ಚಪ್ಪಾಳೆ ಅದು ಎಂದು ಆಮೇಲೆ ಗೊತ್ತಾಯಿತು.

ಅಧ್ಯಕ್ಷರಾಗಿದ್ದವರು ಪೈಪು, ನಲ್ಲಿ ಮಾರುವ ಅಂಗಡಿಯ ಯಜಮಾನರು. ಸಮಾಧಾನ ಹೇಳಿದರು: "ಅಧ್ಯಕ್ಷ ನಾನಾದೆ, ಉಪಾಧ್ಯಕ್ಷರು ಮೂರು ಜನ ಆದ್ರು. ಉಳಿದಿದ್ದು ಕೆಲಸ ಇರೋ ಪೋಸ್ಟ್ ಒಂದೇ. ಇಲ್ಲಿದ್ದೋರು ಯಾರೂ ಒಪ್ಪಲಿಲ್ಲ. ಇಲ್ಲದೇ ಇದ್ದೋರು ನೀವೊಬ್ರೇ."

"ನನಗೆ ಬಿಲ್ಲು ಹಿಡಿದೇ ಗೊತ್ತಿಲ್ಲ ಸಾರ್."

"ನಮಗೆ ಗೊತ್ತಾ? ಇದು ಆಡಳಿತ ಕಣ್ರೀ. ಸ್ವಿಟ್ಜರ್ಲೆಂಡಲ್ಲಿ ದೊಡ್ಡ ಆಫೀಸು. ಅದರ ಕೆಳಗೆ ಏಷ್ಯಾದ್ದು, ಅದರ ಕೆಳಗೆ ದೇಶದ್ದು, ಅದರ ಕೆಳಗೆ ರಾಜ್ಯದ್ದು. ಅದರ ಕೆಳಗೆ ನಾವು."

"ನಮ್ಮ ಕೆಳಗೆ?"

"ನೀವು."

ಹೀಗೆ ಸ್ವಿಟ್ಜರ್ಲೆಂಡಿನಿಂದ ಹೊರಟ ಜಗತ್ತಿನ ಬಿಲ್ಲಾಡಳಿತ ನನ್ನ ಸ್ಕೂಟರಿನ ಡಿಕ್ಕಿಗೆ ಬಂದು ಮುಟ್ಟಿತು. ಒಂದು ರಬ್ಬರ್ ಸ್ಟಾಂಪು, ಒಂದು ದಪ್ಪ ನಿಯಮಪುಸ್ತಕ. ಮನೆಗೆ ಬಂದು ಎದೆಯುಬ್ಬಿಸಿ ಹೆಂಡತಿಗೆ ಹೇಳಿದೆ. ಅವಳು ಸೀರೆ ಮಡಚುವುದನ್ನು ನಿಲ್ಲಿಸಲೂ ಇಲ್ಲ.

"ರೀ, ಅಡುಗೆಮನೆ ಗೋಡೆ ಮೇಲೆ ಆ ಹಲ್ಲಿ ಎರಡು ವರ್ಷದಿಂದ ಐತೆ. ಎಷ್ಟು ಸಲ ಪೊರಕೆ ಎಸೆದಿದ್ದೀರಿ? ಒಂದ್ಸಲನಾದ್ರೂ ತಾಗಿದೆಯಾ?"

ಆ ಹಲ್ಲಿ ಈಗಲೂ ಇದೆ. ಮರಿಯೂ ಹಾಕಿದೆ.

2. ಮೊದಲ ಹತ್ತು ಅಂಕ

ನಮ್ಮ ಮೊದಲ ಶಿಬಿರ ಚನ್ನರಾಯಪಟ್ಟಣದಲ್ಲಿ. ಗುರಿಹಲಗೆ ಎಷ್ಟು ಎತ್ತರ ಇರಬೇಕು, ಎಷ್ಟು ಹಿಂದಕ್ಕೆ ವಾಲಿರಬೇಕು, ಎಲ್ಲವೂ ನಿಯಮಪುಸ್ತಕದಲ್ಲಿ ಇತ್ತು. ಗುರಿಹಲಗೆ ಮಾತ್ರ ನಮ್ಮ ಹತ್ತಿರ ಇರಲಿಲ್ಲ. ಭತ್ತದ ಹುಲ್ಲನ್ನು ಬಿಗಿಯಾಗಿ ಹೊಸೆದು, ಸುತ್ತಿ, ಗೋಣಿದಾರದಲ್ಲಿ ಹೊಲಿದು ನಾಲ್ಕು ದಿಂಡು ಮಾಡಿಸಿದೆ. ಮೇಲೆ ಬಣ್ಣದ ಕಾಗದ ಅಂಟಿಸಲು ಮೈದಾ ಹಿಟ್ಟಿನ ಗೋಂದು ನಾನೇ ಕಾಯಿಸಿದೆ. ಹೊರಗೆ ಬಿಳಿ, ಆಮೇಲೆ ಕಪ್ಪು, ನೀಲಿ, ಕೆಂಪು, ನಟ್ಟನಡುವೆ ಹಳದಿ. ಹಳದಿಯ ನಡುವಿಗೆ ತಾಗಿದರೆ ಹತ್ತು ಅಂಕ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಇಪ್ಪತ್ತು ಮಕ್ಕಳು ಬಾಣ ಬಿಟ್ಟರು. ಹಳದಿಗೆ ಒಂದೂ ತಾಗಲಿಲ್ಲ. "ನಿಧಾನ, ನಿಧಾನ, ಅಭ್ಯಾಸದಿಂದ ಬರುತ್ತೆ" ಎಂದು ನಾನು ಬಾಣ ಬಿಟ್ಟವನ ಹಾಗೆ ಉಪದೇಶ ಮಾಡಿ, ಎಲ್ಲರನ್ನೂ ಉಪ್ಪಿಟ್ಟಿಗೆ ಕರೆದುಕೊಂಡು ಹೋದೆ.

ತಿಂದು ಕೈತೊಳೆದು ಬರುವಷ್ಟರಲ್ಲಿ ಒಂದು ಎಮ್ಮೆ ಎರಡು ದಿಂಡು ಮುಗಿಸಿ ಮೂರನೆಯದಕ್ಕೆ ಬಾಯಿ ಹಾಕಿತ್ತು. ಮೈದಾ ಹಚ್ಚಿದ್ದರಿಂದ ಕಾಗದವನ್ನೂ ಬಿಟ್ಟಿರಲಿಲ್ಲ. ಎಮ್ಮೆಯ ಒಡತಿ ಪಕ್ಕದಲ್ಲೇ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ನಾನು ಕೂಗಾಡಿದೆ. ಇದು ಅಂತರರಾಷ್ಟ್ರೀಯ ಅಳತೆಯ ಗುರಿ ಎಂದೆ, ನಿಯಮಪುಸ್ತಕ ತೆಗೆದು ತೋರಿಸಿದೆ. ಎಮ್ಮೆ ಪುಸ್ತಕದ ಕಡೆಗೂ ಕತ್ತು ಚಾಚಿತು, ಹಿಂದಕ್ಕೆ ಎಳೆದುಕೊಂಡೆ.

ಅವಳು ಎಲೆ ಉಗಿದು ಶಾಂತವಾಗಿ ಹೇಳಿದಳು: "ಯಾಕ್ ಮೇಷ್ಟ್ರೇ ಬಾಯಿ ಮಾಡ್ತೀರಿ? ಬೆಳಗ್ಗಿಂದ ಕುಂತು ನೋಡ್ತಾ ಇವ್ನಿ. ನಿಮ್ಮ ಐಕ್ಳು ಒಂದಾದ್ರೂ ಆ ಅಳದಿಗೆ ಒಡುದ್ವಾ? ನಮ್ಮೆಮ್ಮೆ ನೋಡಿ, ಮೊದ್ಲು ಬಾಯಿ ಹಾಕಿದ್ದೇ ಅಲ್ಲಿಗೆ."

3. ಯಾವ ಕಣ್ಣು ಜೋರು

ಇಷ್ಟರಲ್ಲಿ ನಮ್ಮ ಸಂಘಕ್ಕೆ ಒಬ್ಬಳು ಹುಡುಗಿ ಸಿಕ್ಕಿದಳು. ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ ಅವರ ಮನೆ, ತಂದೆ ಹೊಗೆಸೊಪ್ಪು ಬೆಳೆಯುವವರು. ಚಿಕ್ಕಂದಿನಿಂದ ಸೊಪ್ಪನ್ನು ದಾರದಲ್ಲಿ ಬಿಗಿದು ಕಡ್ಡಿಗೆ ಕಟ್ಟಿ ಕಟ್ಟಿ ಅವಳ ಬೆರಳು ಗಟ್ಟಿಯಾಗಿದ್ದವು. ಭಾನುವಾರ ಭಾನುವಾರ ಬಸ್ಸಿನಲ್ಲಿ ಹಾಸನಕ್ಕೆ ಬಂದು ಅಭ್ಯಾಸ ಮಾಡುತ್ತಿದ್ದಳು. ನಮ್ಮ ತರಬೇತುದಾರ, ಸಂಘದಲ್ಲಿ ಬಿಲ್ಲು ಬಲ್ಲ ಒಬ್ಬನೇ ಒಬ್ಬ, ಅವಳನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಬೇರೆಯವರು ಬಾಣ ಹೊಡೀತಾರೆ. ಇವಳು ತಗೊಂಡೋಗಿ ಇಡ್ತಾಳೆ."

ಅವಳು ರಾಜ್ಯದ ಜೂನಿಯರ್ ತಂಡಕ್ಕೆ ಹೋಗಬೇಕಾದರೆ, ನಿಯಮದ ಪ್ರಕಾರ ನಡೆದ ಜಿಲ್ಲಾ ಸ್ಪರ್ಧೆಯಲ್ಲಿ, ರಾಜ್ಯದಿಂದ ಬಂದ ವೀಕ್ಷಕರ ಎದುರಿಗೆ, ಮೇಲಿನವರು ಹೇಳಿದಷ್ಟು ಅಂಕ ತೆಗೆಯಬೇಕಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಅಂಥ ಸ್ಪರ್ಧೆ ನಮ್ಮಲ್ಲಿ ಒಂದೂ ನಡೆದಿರಲಿಲ್ಲ. ನಡೆಸಬೇಕಾದವನು ಕಾರ್ಯದರ್ಶಿ. ಅಂದರೆ ಹುಡುಗಿಯ ಭವಿಷ್ಯ ನನ್ನ ಕೈಯಲ್ಲಿತ್ತು. ಹಲ್ಲಿಯ ವಿಷಯ ಗೊತ್ತಿದ್ದವರು ಯಾರೂ ಇದಕ್ಕೆ ಒಪ್ಪುತ್ತಿರಲಿಲ್ಲ.

ಅರ್ಜಿ ತುಂಬಿಸಲು ಅವರ ಮನೆಗೆ ಹೋದೆ. ಸ್ಕೂಟರನ್ನು ಬಾಗಿಲ ಮುಂದೆ ನಿಲ್ಲಿಸಬೇಕು ಎಂದುಕೊಂಡಿದ್ದೆ, ಅದು ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿಕೊಂಡು ನಿಂತಿತು. ತಂದೆ ನೀರು ಕೊಟ್ಟು ಕೂರಿಸಿದರು. ಅರ್ಜಿಯಲ್ಲಿ ಒಂದು ಪ್ರಶ್ನೆ: ಯಾವ ಕಣ್ಣು ಪ್ರಬಲ?

"ಎರಡೂ ಚೆಂದಾಗವೆ ಸಾ" ಎಂದರು ತಂದೆ ಗಾಬರಿಯಿಂದ.

ನಾನು ಪುಸ್ತಕದಲ್ಲಿ ಓದಿದ ಪರೀಕ್ಷೆ ಹೇಳಿಕೊಟ್ಟೆ. ಎರಡೂ ಅಂಗೈ ಕೂಡಿಸಿ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ವಸ್ತು ನೋಡಬೇಕು. ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಜೋರು. ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ಸೊಪ್ಪು ಬೇಯಿಸುವ ಬ್ಯಾರನ್ನಿನ ಮೇಲಿದ್ದ ಕಾಗೆಯನ್ನು ನೋಡಿದರು. ಹುಡುಗಿಗೆ ಬಲಗಣ್ಣು. ತಂದೆಗೆ ಬಲ, ತಾಯಿಗೆ ಬಲ, ಅಜ್ಜಿಗೂ ಬಲ.

"ನಿಮ್ದು ಸಾ?" ಎಂದಳು ಹುಡುಗಿ.

ನಾನೂ ನೋಡಿದೆ. ನನ್ನದು ಎಡ. "ಇದೊಂದು ತೊಂದರೆ. ಬಲಗೈಯವನಿಗೆ ಎಡಗಣ್ಣು ಜೋರಾದರೆ ಅವನು ಗುರಿ ಇಡೋದು ಒಂದು ಕಡೆ, ಹೋಗೋದು ಇನ್ನೊಂದು ಕಡೆ" ಎಂದು ವಿವರವಾಗಿ ತಿಳಿಸಿದೆ.

ತಂದೆ ನನ್ನನ್ನು ನೋಡಿದರು. ಆಮೇಲೆ ಬಾಗಿಲಾಚೆ ಚರಂಡಿಯಲ್ಲಿ ಮೂತಿಯಿಟ್ಟುಕೊಂಡಿದ್ದ ಸ್ಕೂಟರನ್ನು ನೋಡಿದರು.

"ಅಂಗಾರೆ ಅದೂ ಅದ್ಕೇಯಾ ಸಾ?"

4. ದೇವಮೂಲೆ

ಸಂಘಕ್ಕೆ ಒಂದೇ ಒಂದು ಒಳ್ಳೆಯ ಬಿಲ್ಲು ಬಂತು. ಹುಡುಗಿ ಸ್ಪರ್ಧೆಗೆ ಹಿಡಿಯಬೇಕಾದದ್ದು ಅದನ್ನೇ. ನಮ್ಮ ಮನೆಯ ಬೀರುವಿನಲ್ಲಿಟ್ಟಿದ್ದೆ. ಆಯುಧಪೂಜೆ ಬಂತು. ಪ್ರತಿ ವರ್ಷ ಕುಡುಗೋಲು, ಸ್ಕೂಟರು, ಮಿಕ್ಸಿಗೆಲ್ಲ ಆಯುಧ ಎಂದು ಪೂಜೆ ಮಾಡುವ ಮನೆಯಲ್ಲಿ ಮೊದಲ ಸಲ ನಿಜವಾದ ಆಯುಧ ಇತ್ತು. ಬಿಡುತ್ತೇನೆಯೇ? ಬಿಲ್ಲಿಗೆ ವಿಭೂತಿ ಬಳಿದು, ಗುರಿ ನೋಡುವ ಸೈಟಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿದೆ. ಮರುದಿನ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದೆ. ಉಜ್ಜುವಾಗ ಯಾವುದೋ ಸ್ಕ್ರೂ ತಿರುಗಿದ ಹಾಗಾಯಿತು. ಬಿಗಿಯಾಗಿರಲಿ ಎಂದು ಇನ್ನಷ್ಟು ತಿರುಗಿಸಿದೆ.

ಭಾನುವಾರ ಹುಡುಗಿ ಬಿಟ್ಟ ಆರಕ್ಕೆ ಆರು ಬಾಣವೂ ಗುರಿಯ ಬಲಕ್ಕೆ ಮೇಲ್ಮೂಲೆಗೆ ಹೋಗಿ ಕುಳಿತವು. ತರಬೇತುದಾರ ತಲೆ ಮೇಲೆ ಕೈ ಹೊತ್ತ. "ಸೈಟ್ ಯಾರು ಮುಟ್ಟಿದ್ದು?"

"ಮುಟ್ಟಿಲ್ಲಪ್ಪ, ಪೂಜೆ ಮಾಡಿದ್ದು" ಎಂದೆ.

ಅಧ್ಯಕ್ಷರು ನನ್ನ ಪರ ನಿಂತರು. "ಹೋಗ್ಲಿ ಬಿಡ್ರೀ, ಈಶಾನ್ಯ ತಾನೇ? ದೇವಮೂಲೆ."

ಹುಡುಗಿ ಸ್ಕ್ರೂ ಸಂದಿಯಲ್ಲಿದ್ದ ಕುಂಕುಮವನ್ನು ಉಗುರಿನಲ್ಲಿ ತೆಗೆಯುತ್ತಾ ಹೇಳಿದಳು: "ಸಾ, ಬರೋ ವರ್ಸ ಸ್ಕೂಟ್ರುಗೆ ಮಾತ್ರ ಪೂಜೆ ಮಾಡಿ. ಅದು ಎಂಗೂ ನೆಟ್ಟಗೆ ಓಗಲ್ಲ."

5. ಬಿಡದ ಬಾಣ

ದೊಡ್ಡ ಸ್ಪರ್ಧೆಗೆ ಮೊದಲು ಹೊಳೆನರಸೀಪುರದಲ್ಲಿ ಒಂದು ಸಣ್ಣ ಸ್ಪರ್ಧೆ ಇಟ್ಟುಕೊಂಡೆವು. ನಾನು ಆಗತಾನೆ ತೀರ್ಪುಗಾರರ ಪರೀಕ್ಷೆ ಪಾಸಾಗಿದ್ದೆ. ಬಾಯಿಪಾಠ ಮಾಡುವುದರಲ್ಲಿ ನನ್ನದು ಯಾವಾಗಲೂ ಮೊದಲ ರ್‍ಯಾಂಕು. ಪಾಸಾದ ಹೊಸತರಲ್ಲಿ, ತಟ್ಟೆಯಿಂದ ಮುದ್ದೆಯ ಚೂರು ಬಿದ್ದರೂ ಯಾವ ಕಲಮಿಗೆ ಬರುತ್ತದೆ ಎಂದು ಹುಡುಕುತ್ತಿದ್ದೆ.

ಉದ್ಘಾಟನೆಗೆ ಊರಿನ ಮುಖಂಡರೊಬ್ಬರು ಬಂದರು. ನಮ್ಮ ಕಡೆ ಯಾವ ಆಟವಾದರೂ ಉದ್ಘಾಟಕರೇ ಮೊದಲು ಆಡಬೇಕು. ಅವರು ಒಂದು ಗಂಟೆ ಭಾಷಣ ಮಾಡಿ, ಬಿಲ್ಲು ಹಿಡಿದು, ಫೋಟೋದವನ ಕಡೆ ತಿರುಗಿ ನಕ್ಕರು. ನಗುವಾಗ ಕೈ ಸಡಿಲವಾಯಿತು. ಬಾಣ ಎರಡು ಹೆಜ್ಜೆ ಮುಂದೆ ಬಿತ್ತು. ಹಿಂಬಾಲಕರು ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಮುಗಿಯುತ್ತಿತ್ತು. ನನ್ನ ವಿದ್ಯೆ ಬಿಡಬೇಕಲ್ಲ. ಬಿಲ್ಲುಗಾರ ನಿಲ್ಲುವ ಗೆರೆಯ ಮುಂದೆ ಮೂರು ಮೀಟರಿಗೆ ಇನ್ನೊಂದು ಗೆರೆ ಇರುತ್ತದೆ. ಕೈಜಾರಿದ ಬಾಣ ಇವೆರಡರ ನಡುವೆ ಬಿದ್ದರೆ ಅದನ್ನು ಬಿಟ್ಟೇ ಇಲ್ಲ ಎಂದು ಲೆಕ್ಕ. ಮೈಕು ಬೇರೆ ನನ್ನ ಕೈಯಲ್ಲಿತ್ತು.

"ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮಾನ್ಯರು ಇನ್ನೂ ಬಾಣ ಬಿಟ್ಟಿಲ್ಲ" ಎಂದು ಘೋಷಿಸಿದೆ.

ಅಧ್ಯಕ್ಷರು ನನ್ನ ತೊಡೆ ಚಿವುಟಿದರು. ಮುಖಂಡರು ಹಣೆ ಗಂಟಿಕ್ಕಿ ಕೇಳಿದರು: "ಬಿಟ್ಟಿಲ್ವಾ? ಅಂದ್ರೆ ಉದ್ಘಾಟನೆ ಆಗಿಲ್ಲ ಅಂತ್ಲಾ?"

"ನಿಯಮದ ಪ್ರಕಾರ ಇಲ್ಲ ಸಾರ್."

"ಹಂಗಾದ್ರೆ ಮೊದಲಿಂದ ಮಾಡಣ" ಎಂದು ನನ್ನ ಕೈಯಿಂದ ಮೈಕು ತೆಗೆದುಕೊಂಡು, ವೇದಿಕೆ ಮೇಲಿದ್ದವರ ಹೆಸರಿನಿಂದ ಹಿಡಿದು ಇಡೀ ಭಾಷಣವನ್ನು ಮತ್ತೆ ಶುರುಮಾಡಿದರು. ಮುಗಿಯುವ ಹೊತ್ತಿಗೆ ಮೋಡ ಕವಿದು ಮಳೆ ಹಿಡಿಯಿತು. ಸ್ಪರ್ಧೆ ಮುಂದಕ್ಕೆ ಹೋಯಿತು.

ಅರಕಲಗೂಡಿನಿಂದ ಬಂದು ಬೆಳಗ್ಗೆಯಿಂದ ಬಿಲ್ಲು ಹಿಡಿದು ನಿಂತಿದ್ದ ಹುಡುಗಿ ಅದನ್ನು ಚೀಲಕ್ಕೆ ಹಾಕುತ್ತಾ ಹೇಳಿದಳು: "ಸಾ, ಕೈ ಮುಗೀತೀನಿ. ಮುಂದಿನ್ ಸಲ ಅವ್ರ ಬಾಣ ಎಲ್ಲಿ ಬಿದ್ರೂ ಹತ್ತಕ್ಕೆ ಹತ್ತು ಅಂದ್ಬುಡಿ."

6. ಒಂದು, ಎರಡು

ಕೊನೆಗೂ ಹಾಸನದಲ್ಲಿ ಜಿಲ್ಲಾ ಸ್ಪರ್ಧೆಯ ದಿನ ಗೊತ್ತಾಯಿತು. ವೀಕ್ಷಕರಾಗಿ ಬೆಂಗಳೂರಿನಿಂದ ಒಬ್ಬರು ಮೇಡಂ ಬರುವವರಿದ್ದರು. ನಗುವುದೂ ನಿಯಮದಲ್ಲಿದ್ದರೆ ಮಾತ್ರ ನಗುತ್ತಾರೆ ಎಂದು ತರಬೇತುದಾರ ಎಚ್ಚರಿಸಿದ್ದ.

ಬಿಲ್ಲುಗಾರಿಕೆಯಲ್ಲಿ ಎಲ್ಲವೂ ವಿಶಲ್ ಮೇಲೆ ನಡೆಯುತ್ತದೆ. ಎರಡು ಊದಿದರೆ ಬಿಲ್ಲುಗಾರರು ಗೆರೆಗೆ ಬರಬೇಕು. ಒಂದು ಊದಿದರೆ ಬಾಣ ಬಿಡಬೇಕು. ಮೂರು ಊದಿದರೆ ಹೋಗಿ ಬಾಣ ಕಿತ್ತು ತರಬೇಕು. ಐದಾರು ಒಟ್ಟಿಗೆ ಊದಿದರೆ ಅಪಾಯ ಎಂದರ್ಥ, ಎಲ್ಲರೂ ತಕ್ಷಣ ನಿಲ್ಲಿಸಬೇಕು. ಮತ್ತೆ ಶುರುಮಾಡಲು ಒಂದು. ಒಂದಕ್ಕೆ ಮೊದಲೇ ಬಾಣ ಬಿಟ್ಟವರಿಗೆ ಆ ಸುತ್ತಿನ ಅತಿ ದೊಡ್ಡ ಅಂಕ ಖೋತಾ.

ನಮ್ಮ ಮಕ್ಕಳೆಲ್ಲ ದಿನಾ ಬಸ್ಸಿನಲ್ಲಿ ಓಡಾಡುವವರು. ಅವರ ರಕ್ತದಲ್ಲಿ ಇರುವುದು ಕಂಡಕ್ಟರ್ ವಿಶಲ್. ಒಂದು ಎಂದರೆ ಸ್ಟಾಪು, ಎರಡು ಎಂದರೆ ರೈಟ್. ಅಭ್ಯಾಸದಲ್ಲಿ ನಾನು ಎರಡು ಊದಿದರೆ ಬಾಣ ಬಿಡುತ್ತಿದ್ದರು, ಒಂದು ಊದಿದರೆ ನಿಂತುಬಿಡುತ್ತಿದ್ದರು. ತಿಂಗಳುಗಟ್ಟಲೆ ಊದಿ ಊದಿ ಅಭ್ಯಾಸ ಬಿಡಿಸಿದೆ. ಮನೆಯಲ್ಲಿ ಕುಕ್ಕರು ಮೂರು ಕೂಗಿದರೆ ಬಾಣ ಕೀಳಲು ಎದ್ದು ಹೊರಡುವ ಸ್ಥಿತಿಗೆ ನಾನೇ ಬಂದಿದ್ದೆ.

ಸ್ಪರ್ಧೆಯ ದಿನ ಉದ್ಘಾಟಕರ ಬಾಣ ಅವರ ಚಪ್ಪಲಿಯ ಪಕ್ಕದಲ್ಲೇ ಬಿತ್ತು. "ಹತ್ತು!" ಎಂದು ಕೂಗಿ ಮುಂದಕ್ಕೆ ಹೋದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು, ಆದರೆ ಬರೆದುಕೊಳ್ಳಲಿಲ್ಲ. ಆಮೇಲೆ ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು. ಹುಡುಗಿ ಒಂದೊಂದೇ ಬಾಣ ತೆಗೆದುಕೊಂಡು ಹೋಗಿ ಇಡುತ್ತಿದ್ದಳು.

ಕೊನೆಯ ಸುತ್ತಿನ ಕೊನೆಯ ಬಾಣ. ತರಬೇತುದಾರ ದುರ್ಬೀನು ಇಳಿಸಿ ನನ್ನ ಕಿವಿಯಲ್ಲಿ ಹೇಳಿದ: "ಒಂಬತ್ತು ಬಿದ್ರೆ ತಂಡ. ಎಂಟು ಬಿದ್ರೆ ಮನೆ." ಬೇಲಿಯ ಆಚೆ ಅವಳ ತಂದೆ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. ಅವಳು ಬಿಲ್ಲೆತ್ತಿ ಹೆದೆ ಎಳೆದಳು.

ಮೈದಾನದ ಕಾಂಪೌಂಡಿನ ಆಚೆ ಬಸ್ಸು ತಿರುಗಿಸಿಕೊಳ್ಳುವ ಜಾಗ ಇದೆ. ಸರಿಯಾಗಿ ಆ ಹೊತ್ತಿಗೆ ಅರಕಲಗೂಡು ಬಸ್ಸು ರಿವರ್ಸ್ ತೆಗೆಯಬೇಕೇ? ಕಂಡಕ್ಟರು ಕೆಳಗಿಳಿದು, ಹಿಂದೆ ನಿಂತು, "ಬರ್ಲಿ ಬರ್ಲಿ" ಎನ್ನುವಂತೆ ಪೀ ಪೀ ಪೀ ಪೀ ಪೀ ಎಂದು ಊದಿದ. ಐದು ವಿಶಲ್. ಅಪಾಯ. ಎಲ್ಲರೂ ಬಿಲ್ಲು ಇಳಿಸಿದರು. ಹುಡುಗಿಯೂ ಇಳಿಸಿದಳು. ಅವಳ ಶಿಸ್ತು ಕಂಡು ನನಗೆ ಹೆಮ್ಮೆಯೂ ಬಂತು, ಅಳುವೂ ಬಂತು.

ಮೇಡಂ ಗಡಿಯಾರ ನಿಲ್ಲಿಸಿ ತನಿಖೆ ಮಾಡಿದರು. "ಬಸ್ಸಾ? ಸರಿ. ಉಳಿದ ಬಾಣಕ್ಕೆ ಸಮಯ ಕೊಡಿ. ನೀವು ವಿಶಲ್ ಊದಿ ಮತ್ತೆ ಶುರುಮಾಡಿ" ಎಂದರು ನನಗೆ.

ಇಡೀ ನಿಯಮಪುಸ್ತಕ ನನಗೆ ಬಾಯಿಪಾಠ. ಆದರೆ ಇಪ್ಪತ್ತು ವರ್ಷ ಹೊಳೆನರಸೀಪುರ, ಹಾಸನ ಎಂದು ಬಸ್ಸಿನಲ್ಲಿ ಅಲೆದ ದೇಹ ಇದು. ನಿಂತದ್ದು ಹೊರಡಬೇಕು ಎಂದರೆ ಅದಕ್ಕೆ ಗೊತ್ತಿರುವುದು ಒಂದೇ ದಾರಿ. ಜೋರಾಗಿ ಎರಡು ಊದಿದೆ. ಸಾಲದು ಎಂದು "ರೈಟ್, ರೈಟ್!" ಎಂದೂ ಕೂಗಿದೆ.

ಚನ್ನರಾಯಪಟ್ಟಣದ ಇಬ್ಬರು ಹುಡುಗರು ಆಗಲೇ ಹೆದೆ ಎಳೆದಿದ್ದರು. ಹುಡುಗಿ ಅಲ್ಲಾಡದೆ ನಿಂತಲ್ಲಿಂದಲೇ ಗದರಿದಳು: "ಲೇ, ಬುಡಬ್ಯಾಡ್ರಲಾ! ಎರಡು ಅಂದ್ರೆ ಬಸ್ಸು ಕಣ್ರಲಾ!"

ಅವರು ನಿಂತರು. ಬಸ್ಸು ನಿಲ್ಲಲಿಲ್ಲ. ಕಾಂಪೌಂಡಿನ ಆಚೆ ಡ್ರೈವರ್ ನನ್ನ ಎರಡು ವಿಶಲ್ ಕೇಳಿ, ಕಂಡಕ್ಟರ್ ಹತ್ತಿದ ಎಂದುಕೊಂಡು, ಗೇರು ಹಾಕಿ ಹೊರಟೇಬಿಟ್ಟ. "ಲೇ, ನಾನಿಲ್ಲೇ ಇವ್ನಿ ಕಣ್ಲಾ! ನಿಲ್ಸ್ಲಾ!" ಎಂದು ಕಂಡಕ್ಟರು ಚೀಲ ಹಿಡಿದುಕೊಂಡು ಹಿಂದೆ ಓಡುವುದು ಗೇಟಿನ ಸಂದಿಯಲ್ಲಿ ಕಂಡಿತು. ಗಾಬರಿಗೆ ಅವನ ವಿಶಲ್ಲು ಎಲ್ಲಿ ಬಿತ್ತೋ.

ಮೇಡಂ ನನ್ನನ್ನು ನೋಡಿದರು. ಹುಡುಗಿ ನನ್ನನ್ನು ನೋಡಿದಳು. "ಸಾ, ಒಂದು" ಎಂದಳು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ.

ಕಣ್ಣು ಮುಚ್ಚಿ ಒಂದು ಊದಿದೆ.

ಆಚೆ ಬಸ್ಸು ಕಿರ್ರೆಂದು ಬ್ರೇಕು ಹಾಕಿ ನಿಂತಿತು. ಈಚೆ ಬಾಣ ಹೊರಟಿತು. ಯಾವುದರ ಸದ್ದು ಮೊದಲು ಬಂತೋ ತಿಳಿಯಲಿಲ್ಲ. ಕಣ್ಣು ತೆರೆದರೆ ತರಬೇತುದಾರ ದುರ್ಬೀನು ಬಿಸಾಡಿ ಕುಣಿಯುತ್ತಿದ್ದ. ಹತ್ತು ಬಿದ್ದಿತ್ತು. ತಂದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಮೂರು ಊದಲು ಹೋದೆ, ಉಸಿರೇ ಇರಲಿಲ್ಲ.

ಮೇಡಂ ವರದಿಯಲ್ಲಿ ಬರೆದದ್ದು ಇಷ್ಟು: "ಸ್ಪರ್ಧೆ ನಿಯಮಬದ್ಧವಾಗಿದೆ. ಕಾರ್ಯದರ್ಶಿಯವರ ವಿಶಲ್ಲಿಗೆ ಸಾರ್ವಜನಿಕ ಸಾರಿಗೆಯೂ ವಿಧೇಯವಾಗಿದೆ." ಬರೆಯುವಾಗ ನಕ್ಕರು ಎಂದು ಅಧ್ಯಕ್ಷರು ಆಣೆ ಮಾಡಿ ಹೇಳುತ್ತಾರೆ.

ಎರಡು ವಾರದ ಮೇಲೆ ಹುಡುಗಿ ರಾಜ್ಯ ತಂಡದ ಶಿಬಿರಕ್ಕೆ ಹೊರಟಳು. ಅರಕಲಗೂಡು ಬಸ್ ನಿಲ್ದಾಣಕ್ಕೆ ಬೆಳಿಗ್ಗೆಯೇ ಹೋಗಿದ್ದೆ. ಸ್ಕೂಟರನ್ನು ಚರಂಡಿಯಿಂದ ದೂರ ನಿಲ್ಲಿಸಿದ್ದೆ. ಕಂಡಕ್ಟರು ಅವನೇ. ನನ್ನನ್ನು ನೋಡಿ ಮೊದಲು ಬಾಗಿಲ ಕಂಬಿ ಗಟ್ಟಿಯಾಗಿ ಹಿಡಿದುಕೊಂಡ. ವಿಷಯ ತಿಳಿದ ಮೇಲೆ ಅವನ ಮುಖ ಅರಳಿತು.

"ಅಂಗಾ? ನಮ್ಮೂರ ಮಗಾನಾ? ಇವತ್ತು ಬಸ್ಸ ನೀವೇ ಕಳ್ಸಿ ಮೇಷ್ಟ್ರೇ. ನಾನು ಮೇಲತ್ಕೊಂಡಿವ್ನಿ, ನೋಡ್ಕಳಿ."

ಕಿಟಕಿಯಲ್ಲಿ ಹುಡುಗಿ ಬಿಲ್ಲಿನ ಉದ್ದನೆ ಚೀಲ ತಬ್ಬಿಕೊಂಡು ಕುಳಿತಿದ್ದಳು. ಬಿಲ್ಲು ಹಿಡಿಯಲು ಬಾರದ ನನ್ನಂಥವನ ಕೈಯಿಂದಲೂ ಒಂದು ಬಾಣ ನೆಟ್ಟಗೆ ಹೊರಟಿತಲ್ಲ ಎನಿಸಿತು. ಜೇಬಿನಿಂದ ವಿಶಲ್ ತೆಗೆದೆ. ಇದ್ದ ಉಸಿರೆಲ್ಲ ಹಾಕಿ ಊದಿದೆ.

ವಿಶಲ್ ಕಂಡೇ ಹೊರಡಲು ಅಲುಗಿದ್ದ ಬಸ್ಸು ಗಕ್ಕನೆ ನಿಂತಿತು. ನಿಂತಿದ್ದ ಪ್ರಯಾಣಿಕರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಕಿಟಕಿಯಿಂದ ಅವಳ ತಲೆ ಹೊರಬಂತು.

"ಸಾ! ನಾನಿನ್ನೂ ಬಿಲ್ಲೇ ತೆಗ್ದಿಲ್ಲ! ಇದು ಬಸ್ಸು ಕಣ್ಸಾ, ಎರಡು ಊದಿ!"